ಐದು ದೇಶದ ಚಿಲ್ಲರೆ

ಸೌಮ್ಯಾ ಟೀಚರ್ ಆ ಬಿಸ್ಕೀಟಿನ ಡಬ್ಬಿಯನ್ನು ಶಾಲೆಗೆ ತಂದ ದಿನದಿಂದ ಜಯಮಾಲಾ ಅಕ್ಕೋರಿಗೆ ಅನ್ನ ಸೇರುತ್ತಿರಲಿಲ್ಲ. ಕೇಳಿದವರಿಗೆಲ್ಲ ಪಿತ್ತ ಎಂದು ಹೇಳುತ್ತಿದ್ದರು. ಪಿತ್ತವೂ ಅಲ್ಲ, ಗ್ಯಾಸೂ ಅಲ್ಲ. ಅದು ಶುದ್ಧ ಹೊಟ್ಟೆಕಿಚ್ಚು, ಮತ್ತು ಅದು ಅವರಿಗೂ ಗೊತ್ತಿತ್ತು.

ಧಾರವಾಡದಿಂದ ಹೆಬ್ಬಳ್ಳಿಯ ಕಡೆ ಹೋಗುವ ಬಸ್ಸಿನ ದಾರಿಯಲ್ಲಿ ಒಂದು ಸಣ್ಣ ಊರು, ಆ ಊರಿಗೊಂದು ಸರಕಾರಿ ಶಾಲೆ. ಅಲ್ಲಿ ಜಯಮಾಲಾ ಅಕ್ಕೋರು ಹತ್ತೊಂಬತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದರು. ಊರಿನ ಕಿರಾಣಿ ಅಂಗಡಿಯವನು, ಡೈರಿಯಲ್ಲಿ ಹಾಲಿನ ಲೆಕ್ಕ ಬರೆಯುವವಳು, ಪಂಚಾಯಿತಿಯ ಕ್ಲಾರ್ಕು, ಎಲ್ಲರೂ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ಮಗ್ಗಿ ಕಲಿತವರೇ. ಅವರ ಅಪ್ಪ ಮಾಸ್ತರ, ಇಬ್ಬರು ತಮ್ಮಂದಿರೂ ಮಾಸ್ತರರು. ಓದಿ ಓದಿಯೇ ತಲೆಯೆತ್ತಿ ನಿಂತ ಮನೆತನ. ಗಣಿತದ ಅಕ್ಕೋರು ಎಂದರೆ ಈ ಊರಲ್ಲಿ ತಾವೊಬ್ಬರೇ ಎಂದು ಅವರು ತಿಳಿದುಕೊಂಡಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಜೂನ್‌ನಲ್ಲಿ ವರ್ಗವಾಗಿ ಬಂದ ಸೌಮ್ಯಾ ಅದನ್ನು ತಪ್ಪು ಮಾಡಿಬಿಟ್ಟಳು.

ಸೌಮ್ಯಾಳ ಅಪ್ಪ ದ್ಯಾಮಣ್ಣ ಮೂವತ್ತು ವರ್ಷ ಹುಬ್ಬಳ್ಳಿ ಸ್ಟೇಷನ್ನಿನ ಮುಂದೆ ಟ್ಯಾಕ್ಸಿ ಓಡಿಸಿದವನು. ಹಂಪಿಗೆ, ಗೋವಾಕ್ಕೆ ಹೋಗುವ ಪರದೇಶದವರು ಇಳಿಯುವಾಗ ಜೇಬಿನ ತಳದಲ್ಲಿದ್ದ ತಮ್ಮೂರಿನ ಚಿಲ್ಲರೆಯನ್ನು ಅವನ ಅಂಗೈಗೆ ಸುರಿದು ನಕ್ಕು ಹೋಗುತ್ತಿದ್ದರು. ನೋಟಾದರೆ ಬದಲಾಯಿಸಿಕೊಳ್ಳಬಹುದು, ಚಿಲ್ಲರೆಯನ್ನು ಯಾವ ಬ್ಯಾಂಕೂ ಮುಟ್ಟುವುದಿಲ್ಲ. ಹಾಗೆ ಕೂಡಿಬಿದ್ದ ನಾಣ್ಯಗಳು ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ತುಂಬಿ ಮಗಳ ಪಾಲಿಗೆ ಬಂದಿದ್ದವು. ಅದನ್ನು ಅವಳು ಐದನೇ ಇಯತ್ತೆಯ ಕೋಣೆಯ ನೆಲದ ಮೇಲೆ ಸುರಿದಾಗ ಎದ್ದ ಗದ್ದಲ, ಪಕ್ಕದ ಕೋಣೆಯಲ್ಲಿ ಭಿನ್ನರಾಶಿ ಹೇಳುತ್ತಿದ್ದ ಜಯಮಾಲಾ ಅಕ್ಕೋರ ಕಿವಿಗೆ ಬಿತ್ತು. ತಮ್ಮ ಹತ್ತೊಂಬತ್ತು ವರ್ಷದ ಪಾಠದಲ್ಲಿ ಮಕ್ಕಳು ಹಾಗೆ ಕೂಗಿದ್ದು ಅವರಿಗೆ ನೆನಪಾಗಲಿಲ್ಲ.

ಊಟದ ಬಿಡುವಿನಲ್ಲಿ ಹೆಡ್ ಮಾಸ್ತರ ಗಂಗಪ್ಪ ಹಲ್ಲು ಕಿರಿಯುತ್ತ ಬಂದರು. "ನೋಡಿದ್ರೇನ್ರಿ ಅಕ್ಕೋರ? ನಮ್ಮ ಹುಡುಗೂರು ಲಂಡನ್ ದುಡ್ಡು ಎಣಸಾಕತ್ತಾರ!"

"ಲಂಡನ್‌ಗೆ ಹೊಂಟಾರೇನ್ರಿ ಸರ್ ನಾಳೆ? ಮೊದಲ ಧಾರವಾಡ ಬಸ್ಸಿನ ಚಿಲ್ಲರೆ ಎಣಸಾಕ ಕಲೀಲಿ," ಎಂದರು ಅಕ್ಕೋರು. ಹೆಡ್ ಮಾಸ್ತರರು ನಕ್ಕರು. ಅಕ್ಕೋರು ನಗಲಿಲ್ಲ, ತಟ್ಟೆಯ ಅನ್ನವನ್ನು ಅಂಚಿಗೆ ತಳ್ಳಿದರು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದರು. ನುಂಗಲಾಗದ್ದು ಶಾಜಿಯಾಳ ವಿಷಯ.

ಸೈಕಲ್ಲಿನ ಮೇಲೆ ಪ್ಲಾಸ್ಟಿಕ್ ಕೊಡ, ಬಕೀಟು ಹೇರಿಕೊಂಡು ಊರೂರು ತಿರುಗುವ ಮಕಬೂಲಸಾಬನ ಮಗಳು ಶಾಜಿಯಾ. ಒಂದನೇ ಇಯತ್ತೆಗೆ ಬಂದಾಗ ಸೀಮೆಸುಣ್ಣ ತಿನ್ನುತ್ತಿದ್ದ ಹುಡುಗಿ. ಅವಳ ಬಾಯಿಂದ ಸುಣ್ಣ ಕಿತ್ತು, ಕೈಗೆ ಹುಣಸೆಬೀಜ ಕೊಟ್ಟು, ಹತ್ತು ಹತ್ತರ ಗುಡ್ಡೆ ಮಾಡಲು ಕಲಿಸಿದವರು ಜಯಮಾಲಾ ಅಕ್ಕೋರು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳು ಬಾಯಲ್ಲೇ ಗುಣಾಕಾರ ಮಾಡುತ್ತಿದ್ದಳು. ಅಕ್ಕೋರಿಗೆ ಸ್ವಂತ ಮಗನಿದ್ದ, ಅವನಿಗೆ ಲೆಕ್ಕ ಎಂದರೆ ತಲೆನೋವು. ಹೀಗಾಗಿ ಲೆಕ್ಕದ ಮಟ್ಟಿಗೆ ಶಾಜಿಯಾನೇ ಅವರ ಮಗಳು. ಬೆಳಿಗ್ಗೆ ಬಸ್ಸು ಬರುವ ಹೊತ್ತಿಗೆ ಓಡಿ ಬಂದು ಅವರ ಚೀಲ ಹಿಡಿಯುತ್ತಿದ್ದಳು, ಚೀಲ ಅವಳಿಗಿಂತ ಭಾರ ಇದ್ದರೂ ಬಿಡುತ್ತಿರಲಿಲ್ಲ.

ಈಗ ಬಸ್ಸಿಳಿದರೆ ರಸ್ತೆಯಲ್ಲಿ ಯಾರೂ ಇಲ್ಲ. ಶಾಜಿಯಾ ಶಾಲೆಯ ಗೇಟಿನಲ್ಲಿ ಸೌಮ್ಯಾಳ ಸ್ಕೂಟಿ ಕಾಯುತ್ತಿರುತ್ತಿದ್ದಳು. ಡಬ್ಬಿ ಇರುವುದು ಆ ಸ್ಕೂಟಿಯಲ್ಲಿ, ನೋಡಿ. ಐದನೆಯವರಿಗೆ ಅಕ್ಕೋರು ಭಾಗಾಕಾರ ಕೊಟ್ಟರೆ ಉಳಿದವರಿಗಿಂತ ಮೊದಲು ಮುಗಿಸಿ, "ಅಕ್ಕೋರ, ಟೀಚರ್ ಹಂತ್ಯಾಕ ಹೋಗ್ಲ್ಯಾ?" ಎಂದು ಕೇಳುತ್ತಿದ್ದಳು. ಹೋಗು ಎನ್ನದೆ ಏನು ಮಾಡುತ್ತಾರೆ? ಹೋಗು ಎಂದು ಹೇಳಿ, ಉಳಿದ ಮಕ್ಕಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದರು. ಆ ಮಕ್ಕಳು ಮಾಡಿದ ಪಾಪವಾದರೂ ಏನು!

ನವೆಂಬರಿನಲ್ಲಿ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಅಧಿಕಾರಿ ಶಿವಯೋಗೀಶ ಸಾಹೇಬರು ಬಂದರು. ಡಬ್ಬಿ ನೋಡಿ ಅವರೂ ಮಕ್ಕಳ ಹಾಗೆ ನೆಲದ ಮೇಲೆ ಕೂತುಬಿಟ್ಟರು. "ಈ ಸಲ ಕಲಿಕಾ ಹಬ್ಬದಾಗ ಇದನ್ನಽ ಸ್ಪರ್ಧೆ ಇಡೂಣ್ರಿ. ಐದ ದೇಶದ ನಾಣ್ಯ ಒಂದ ತಟ್ಟ್ಯಾಗ ಹಾಕೂದು. ಕೂಡಿಸಿ ರೂಪಾಯಿದಾಗ ಎಷ್ಟಾತು ಅಂತ ಹೇಳಬೇಕು. ಗೆದ್ದ ಹುಡುಗೂರು ಧಾರವಾಡಕ್ಕ, ಜಿಲ್ಲಾ ಹಬ್ಬಕ್ಕ ಹೋಗಲಿ."

ಗಣಿತದಲ್ಲಿ ಗೆದ್ದ ಮಗುವಿನ ಕೈ ಹಿಡಿದು ಧಾರವಾಡಕ್ಕೆ ಹೋಗುವುದು ಪ್ರತಿ ವರ್ಷ ಜಯಮಾಲಾ ಅಕ್ಕೋರ ಹಕ್ಕು. ಅವರು ಸೆರಗು ಸರಿಮಾಡಿಕೊಂಡು ಕಾಯುತ್ತಿದ್ದರು. ಹೆಡ್ ಮಾಸ್ತರರು ಅವರ ಮುಖ ನೋಡದೆ ಹೇಳಿದರು: "ಶಾಜಿಯಾನ್ನ ತಯಾರ ಮಾಡೂದು ಸೌಮ್ಯಾ ಟೀಚರ್‌ಗೆ ಬಿಡೂಣ್ರಿ. ಡಬ್ಬಿ ಅವರದಲ್ಲ?"

ಶಿವಯೋಗೀಶ ಸಾಹೇಬರು ದೊಡ್ಡ ಉಪಕಾರ ಮಾಡುವವರಂತೆ ಈ ಕಡೆ ತಿರುಗಿದರು. "ಅಕ್ಕೋರ, ನೀವು ಎಲ್ಲಾರಕಿಂತ ಹಿರ್ಯಾರು. ತಟ್ಟ್ಯಾಗ ಯಾವ ನಾಣ್ಯ ಹಾಕಬೇಕು ಅನ್ನೂದು ನೀವಽ ಆರಿಸ್ರಿ. ಆದ್ರ ಯಾರಿಗೂ ಹೇಳಬ್ಯಾಡ್ರಿ ಮತ್ತ."

"ಯಾರಿಗೂ ಹೇಳೂದಿಲ್ರಿ," ಎಂದರು ಅಕ್ಕೋರು. ಆಗ ಅವರ ಹೊಟ್ಟೆಯೊಳಗೆ ಏನೋ ಬೆಚ್ಚಗಾಯಿತು, ಮತ್ತು ಅದು ಒಳ್ಳೆಯ ಬಿಸಿಯಲ್ಲ.

ಮರುದಿನ ಡಬ್ಬಿ ಇಸಿದುಕೊಂಡು ಆಫೀಸಿನ ಮೂಲೆಯಲ್ಲಿ ಕೂತರು. ಕನ್ನಡಕ ಏರಿಸಿ ಒಂದೊಂದನ್ನೇ ತಿರುವಿ ನೋಡಿದರು. ಯೂರೋ ನಾಣ್ಯಗಳ ಮೇಲೆ ಅಂಕಿ ಎದ್ದು ಕಾಣುತ್ತಿತ್ತು. ಥಾಯ್ಲೆಂಡಿನವೂ ಸುಲಭ. ಆದರೆ ಅಮೆರಿಕದ ನಾಣ್ಯಗಳ ಮೇಲೆ ಅಂಕಿಯೇ ಇಲ್ಲ! ಅಕ್ಷರ ಮಾತ್ರ. ಎಲ್ಲಕ್ಕಿಂತ ಸಣ್ಣದಾದ, ತೆಳ್ಳನೆಯ ಒಂದರ ಮೇಲೆ 'ಒನ್ ಡೈಮ್' ಎಂದಿತ್ತು. ಮೊಬೈಲಿನಲ್ಲಿ ಹುಡುಕಿದರು. ಹತ್ತು ಸೆಂಟು. ಅದಕ್ಕಿಂತ ದಪ್ಪ, ಅದಕ್ಕಿಂತ ಅಗಲವಾದದ್ದು ಬರೀ ಐದು ಸೆಂಟು. ಸಣ್ಣದಕ್ಕೆ ಹೆಚ್ಚು ಬೆಲೆ, ದೊಡ್ಡದಕ್ಕೆ ಕಡಿಮೆ. ಗಾತ್ರ ನೋಡಿ ಕೂಡಿಸಿದ ಮಗು ಇಲ್ಲಿ ಮುಗ್ಗರಿಸಿಯೇ ತೀರಬೇಕು.

ಸೌಮ್ಯಾ ಇದನ್ನು ಹೇಳಿಕೊಟ್ಟಿರಲಾರಳು, ಮೇಲೆ ಮೇಲೆ ಆಡಿಸುವವಳು ಅವಳು. ಅಕ್ಕೋರು ಎರಡು ಡೈಮ್, ಒಂದು ದಪ್ಪನೆಯ ಐದು ಸೆಂಟಿನದು ಎತ್ತಿಟ್ಟುಕೊಂಡರು. ಅವರಿಗೆ ಬೇಕಾಗಿದ್ದದ್ದು ಶಾಜಿಯಾ ಸೋಲುವುದಲ್ಲ. ಹಾಗೆಂದು ಅವರು ತಮಗೆ ತಾವೇ ಎರಡು ಸಲ ಹೇಳಿಕೊಂಡರು. ಬೇಕಾಗಿದ್ದದ್ದು, ಸೋತ ಹುಡುಗಿ ಅಳುತ್ತ ತಮ್ಮ ಹತ್ತಿರ ಬರುವುದು; ಆಗ ತಲೆ ಸವರಿ, "ಗಟ್ಟಿ ಪಾಠ ಹೇಳವ್ರು ಹೇಳಿದ್ರ ಹಿಂಗ ಆಗತಿರಲಿಲ್ಲವ್ವ" ಎನ್ನುವುದು. ಆ ಹುಡುಗಿ ಸೌಮ್ಯಾಳ ಸ್ಕೂಟಿಯ ಹಿಂದೆ ಕೂತು ಧಾರವಾಡಕ್ಕೆ ಹೋದರೆ ಮತ್ತೆಂದೂ ತಮ್ಮವಳಾಗುವುದಿಲ್ಲ ಎಂದು ಅವರಿಗೆ ಖಾತ್ರಿಯಾಗಿತ್ತು.

ಹಬ್ಬದ ದಿನ ನಾಲ್ಕು ಊರಿನ ಮಕ್ಕಳು, ಮಾಸ್ತರರು, ತಾಯಂದಿರು ಸೇರಿ ಶಾಲೆಯ ಅಂಗಳ ಗಿಜಿಗುಡುತ್ತಿತ್ತು. ಸೌಮ್ಯಾ ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬೆಲೆ ಬರೆದಿದ್ದಳು, ಲೆಕ್ಕಕ್ಕೆ ಸುಲಭವಾಗುವಂತೆ ದುಂಡು ಮಾಡಿ: ಡಾಲರಿಗೆ ಎಂಬತ್ತು ರೂಪಾಯಿ, ಯೂರೋಗೆ ತೊಂಬತ್ತು, ಪೌಂಡಿಗೆ ನೂರು, ದುಬೈ ದಿರಮಿಗೆ ಇಪ್ಪತ್ತು, ಥಾಯ್ಲೆಂಡಿನ ಬಾತಿಗೆ ಎರಡು. ಅಕ್ಕೋರು ತಾವು ಆರಿಸಿದ ನಾಣ್ಯಗಳನ್ನು ಸ್ಟೀಲಿನ ತಟ್ಟೆಗೆ ಸುರಿದರು. ಅಮೆರಿಕದ್ದು ಐವತ್ತು ಸೆಂಟು, ನಲವತ್ತು ರೂಪಾಯಿ. ಯೂರೋದ್ದು ಎಂಬತ್ತು ಸೆಂಟು, ಎಪ್ಪತ್ತೆರಡು ರೂಪಾಯಿ. ಇಂಗ್ಲೆಂಡಿನದು ಇಪ್ಪತ್ತೈದು, ದುಬೈದು ಮೂವತ್ತು, ಥಾಯ್ಲೆಂಡಿನದು ಮೂವತ್ತು. ಒಟ್ಟು ನೂರಾ ತೊಂಬತ್ತೇಳು.

ಶಿವಯೋಗೀಶ ಸಾಹೇಬರಿಗೆ ಕೊನೆಯ ಗಳಿಗೆಯಲ್ಲಿ ದೇಶಾಭಿಮಾನ ಉಕ್ಕಿತು. "ಎಲ್ಲಾ ಪರದೇಶದ್ದಽ ಆತಲ್ರಿ, ನಮ್ಮದೂ ಒಂದಿರಲಿ," ಎಂದು ಪರ್ಸಿನಿಂದ ಒಂದು ಹತ್ತು ರೂಪಾಯಿಯ ನಾಣ್ಯ ತೆಗೆದು ತಟ್ಟೆಗೆ ಹಾಕಿದರು. ಅಕ್ಕೋರು ಚೀಟಿಯಲ್ಲಿ ತಿದ್ದಿ, ಇನ್ನೂರಾ ಏಳು ಎಂದು ಬರೆದರು.

ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಮೊದಲನೆಯವನು ನೂರಾ ನಲವತ್ತೊಂದು ಎಂದ. ಎರಡನೆಯವಳು ನಾಣ್ಯ ಮುಟ್ಟುವ ಮೊದಲೇ ಅತ್ತಳು. ಉಪ್ಪಿನಬೆಟಗೇರಿಯಿಂದ ಬಂದಿದ್ದ ಹುಲಗೇಶ ಎಂಬ ಚುರುಕು ಹುಡುಗ ಇನ್ನೂರಾ ಮೂರು ಎಂದು ಬರೆದುಕೊಟ್ಟ. ಸರಿಯಾಗಿ ನಾಲ್ಕು ರೂಪಾಯಿ ಕಡಿಮೆ. ಸಣ್ಣ ನಾಣ್ಯವನ್ನು ಐದು ಸೆಂಟು, ದಪ್ಪನೆಯದನ್ನು ಹತ್ತು ಸೆಂಟು ಎಂದು ಹಿಡಿದರೆ ಅಷ್ಟೇ ಬರುತ್ತಿತ್ತು. ಅಕ್ಕೋರು ತುಟಿ ಬಿಗಿಹಿಡಿದು ನಗು ತಡೆದುಕೊಂಡರು.

ಕೊನೆಗೆ ಶಾಜಿಯಾ ಬಂದಳು. ತಟ್ಟೆಯನ್ನು ಒಮ್ಮೆ ಪೂರ್ತಿ ನೋಡಿದಳು. ಆಮೇಲೆ ಮೇಜಿನ ಮೇಲೆ ದೇಶಕ್ಕೊಂದು ಗುಡ್ಡೆ ಮಾಡಿದಳು, ಗುಡ್ಡೆಯಲ್ಲಿ ಹೆಚ್ಚಿನ ಬೆಲೆಯದು ಕೆಳಗೆ, ಕಡಿಮೆಯದು ಮೇಲೆ. ದುಬೈ ನಾಣ್ಯದ ಅರಬ್ಬಿ ಅಂಕಿಯನ್ನು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಓದಿದಳು, ಮದರಸಾದಲ್ಲಿ ಕಲಿತದ್ದು. ಅಮೆರಿಕದ ಸಣ್ಣ ನಾಣ್ಯ ಕೈಗೆ ಬಂದಾಗ ಕಣ್ಣಿನ ಹತ್ತಿರ ಹಿಡಿದು, ತುಟಿ ಅಲ್ಲಾಡಿಸಿ ಅಕ್ಷರ ಕೂಡಿಸಿ, ದಪ್ಪನೆಯ ಐದು ಸೆಂಟಿನ ಕೆಳಗೆ ಅವೆರಡನ್ನೂ ಇಟ್ಟಳು.

ಹಾಗಾದರೆ ಸೌಮ್ಯಾ ಇದನ್ನೂ ಕಲಿಸಿದ್ದಾಳೆ! ಮೇಲೆ ಮೇಲೆ ಆಡಿಸುವವಳಲ್ಲ ಅವಳು. ಆದರೆ ಆ ಗುಡ್ಡೆ ಮಾಡುವ ರೀತಿ ಯಾರದು, ಯಾರು ಕಲಿಸಿದ್ದು? ಹೊಗಳಬೇಕು ಎನ್ನಿಸಿದ ಬಾಯಿಗೇ ಬೈಯಬೇಕು ಎಂದೂ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಶಾಜಿಯಾ ಹತ್ತು ರೂಪಾಯಿಯ ನಾಣ್ಯವನ್ನು ಎರಡು ಬೆರಳಲ್ಲಿ ಎತ್ತಿ, ಎಲ್ಲ ಗುಡ್ಡೆಗಳಿಂದ ದೂರ, ಮೇಜಿನ ತುದಿಗೆ ಸರಿಸಿದಳು. ಚೀಟಿಯಲ್ಲಿ ಬರೆದು ಕೊಟ್ಟಳು: ನೂರಾ ತೊಂಬತ್ತೇಳು.

ಎಲ್ಲರನ್ನೂ ಒಳಗೆ ಕರೆದು ಸಾಹೇಬರು ಉತ್ತರ ಓದಿದರು. "ಪೂರ್ತಿ ಸರಿ ಯಾರದೂ ಬಂದಿಲ್ಲ. ಹತ್ತಿರ ಬಂದಾಂವ ಹುಲಗೇಶ. ಶಾಜಿಯಾ ಹತ್ತ ರೂಪಾಯಿ ಕಡಿಮಿ. ಅಲ್ಲವ್ವಾ, ಐದೂ ದೇಶದ್ದು ಸರಿ ಮಾಡಿ ನಮ್ಮ ಹತ್ತರ ನಾಣ್ಯ ಯಾಕ ಬಿಟ್ಟಿ?"

"ಅದು ನಡಿಯೂದಿಲ್ರಿ ಸರ್," ಎಂದಳು ಶಾಜಿಯಾ, ಇದನ್ನೂ ಕೇಳಬೇಕೇ ಎನ್ನುವ ಹಾಗೆ.

ತಾಯಂದಿರಲ್ಲಿ ಕೆಲವರು ಹೌದೆಂದು ತಲೆಯಾಡಿಸಿದರು. ಅವರ ತಪ್ಪಲ್ಲ. ಹತ್ತರ ನಾಣ್ಯ ಖೋಟಾ ಎಂಬ ಸುದ್ದಿ ಎಂದೋ ಹಬ್ಬಿ, ಬ್ಯಾಂಕಿನವರು ಎಷ್ಟು ಸಲ ಸುಳ್ಳು ಎಂದರೂ ನಮ್ಮ ಕಡೆ ತರಕಾರಿ ಮಾರುವವಳಿಂದ ಹಿಡಿದು ಅಂಗಡಿಕಾರನ ತನಕ ಅದಕ್ಕೆ ಕೈಯೊಡ್ಡುವವರು ಕಡಿಮೆ. ಸಾಹೇಬರು ಮಾತ್ರ ಕೆಂಪಗಾದರು. "ಸರಕಾರದ ನಾಣ್ಯ ನಡಿಯೂದಿಲ್ಲ ಅಂದ್ರ? ಯಾರ ಹೇಳಿದ್ರು ನಿನಗ?"

"ನಮ್ಮ ಜಯಮಾಲಾ ಅಕ್ಕೋರು."

ನೂರು ಕಣ್ಣು ಒಮ್ಮೆಲೇ ಅಕ್ಕೋರ ಕಡೆ ತಿರುಗಿದವು. ಅವರಿಗೆ ಎಲ್ಲ ನೆನಪಾಯಿತು. ಹೋದ ಜನವರಿಯ ಮಕ್ಕಳ ಸಂತೆ. ಶಾಜಿಯಾ ಉಪ್ಪು ಖಾರ ಹಚ್ಚಿದ ಪೇರಲಹಣ್ಣು ಮಾರಿ ನೂರಾ ನಲವತ್ತು ರೂಪಾಯಿ ಗಳಿಸಿದ್ದಳು, ಎಲ್ಲರಿಗಿಂತ ಹೆಚ್ಚು. ಎಣಿಸಲು ಕೂತಿದ್ದ ಅಕ್ಕೋರು ಅದರಲ್ಲಿ ಮೂರು ಹತ್ತರ ನಾಣ್ಯ ತೆಗೆದು ಪಕ್ಕಕ್ಕಿಟ್ಟು, "ಇವು ಊರಾಗ ನಡಿಯೂದಿಲ್ಲವ್ವ, ಲೆಕ್ಕಕ್ಕ ಹಿಡೀಬ್ಯಾಡ" ಎಂದು ನೂರಾ ಹತ್ತು ಬರೆದಿದ್ದರು. ನೂರಾ ಇಪ್ಪತ್ತು ಗಳಿಸಿದ್ದವನಿಗೆ ಬಹುಮಾನ ಹೋಯಿತು.

"ಹೌದೇನ್ರಿ ಅಕ್ಕೋರ?" ಎಂದರು ಸಾಹೇಬರು.

ನಾಲ್ಕು ಶಾಲೆಯ ಮಾಸ್ತರರು ನೋಡುತ್ತಿದ್ದರು. ಸೌಮ್ಯಾ ನೋಡುತ್ತಿದ್ದಳು. ಅವಳೊಬ್ಬಳು ಅಲ್ಲಿರದಿದ್ದರೆ ಅಕ್ಕೋರು ಹೌದೆನ್ನುತ್ತಿದ್ದರೋ ಏನೋ. "ಏ, ನಾ ಯಾಕ ಹಂಗ ಹೇಳ್ಲ್ರಿ ಸರ್? ಗಣಿತ ಕಲಸಾಕಿ ನಾನು," ಎಂದುಬಿಟ್ಟರು.

ಶಾಜಿಯಾ ಅವರ ಮುಖವನ್ನೇ ನೋಡಿದಳು. "ಇಲ್ರಿ ಸರ್, ಅಕ್ಕೋರು ಹೇಳಿಲ್ರಿ. ಮನ್ಯಾಗ ಅಪ್ಪ ಹೇಳಿದ್ದ. ನಾ ಮರ್ತೆ."

ಎಲ್ಲರೂ ನಕ್ಕರು. ಮಕಬೂಲಸಾಬ ಅಲ್ಲಿರಲಿಲ್ಲ, ಬೇರೆ ಊರಲ್ಲಿ ಕೊಡ ಮಾರುತ್ತಿದ್ದ. "ನಿಮ್ಮಪ್ಪಗ ಬುದ್ಧಿ ಹೇಳ," ಎಂದು ಸಾಹೇಬರು ಹುಲಗೇಶನ ಹೆಸರು ಬರೆದುಕೊಂಡರು. ಡೈಮಿನಲ್ಲಿ ಮುಗ್ಗರಿಸಿದವನು ಗೆದ್ದ, ದಾಟಿದವಳು ಸೋತಳು. ಅದು ಗೊತ್ತಿದ್ದವರು ಅಲ್ಲಿ ಇಬ್ಬರೇ.

ಆ ಇನ್ನೊಬ್ಬಳು, ಸೌಮ್ಯಾ, ವರಾಂಡದಲ್ಲಿ ನಾಣ್ಯಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಅಕ್ಕೋರು ಹಾದುಹೋಗುವಾಗ ತಲೆಯೆತ್ತದೆ ಹೇಳಿದಳು: "ಅಕ್ಕೋರ, ರೂಪಾಯಿ ಲೆಕ್ಕ ಕಲಸುವಾಗ ಎಂಟ ದಿನದಿಂದ ಆಕಿಗೆ ಹೇಳಾಕತ್ತಿದ್ದೆ, ಹತ್ತರ ನಾಣ್ಯ ಖರೇ ನಾಣ್ಯ ಅಂತ. ಕೇಳಲಿಲ್ಲ. 'ಅಕ್ಕೋರ್ನ ಕೇಳಿ ಬರ್ತೇನ್ರಿ ಟೀಚರ್' ಅಂದ್ಲು. ನಾ ಕಳಸಲಿಲ್ಲ."

"ಯಾಕ ಕಳಸಲಿಲ್ಲ?"

"ಯಾಕ ಅಂತೀರಿ? ದಿನಾ ನನ್ನ ಡಬ್ಬಿ ಹಿಡ್ಕೊಂಡ ಕುಂಡ್ರತಾಳ, ಆದ್ರ ಒಂದೊಂದಕ್ಕೂ ನಿಮ್ಮ ಹೆಸರು. ಅಕ್ಕೋರು ಹಂಗ ಹೇಳ್ಯಾರ, ಅಕ್ಕೋರು ಹಿಂಗ ಹೇಳ್ಯಾರ. ನನಗ ಹೊಟ್ಟೆಕಿಚ್ಚು ಬಂತ್ರಿ. ಈ ಒಂದರಾಗರೆ ನನ್ನ ಮಾತ ನಂಬಲಿ ಅಂದ್ಕೊಂಡೆ."

ಐದು ತಿಂಗಳಿಂದ ಉರಿಯುತ್ತಿದ್ದ ಹೊಟ್ಟೆ ಒಮ್ಮೆಲೇ ತಣ್ಣಗಾಯಿತು. ಹೌದು, ಮೊದಲು ಬಂದದ್ದು ಸಂತೋಷವೇ, ಬಚ್ಚಿಡುವುದೇಕೆ? ತಮ್ಮ ಹುಡುಗಿ ತಮ್ಮವಳಾಗಿಯೇ ಇದ್ದಳು. ಒಂದು ದಿನವೂ ಕೈಬಿಟ್ಟು ಹೋಗಿರಲಿಲ್ಲ. ಆ ಸಂತೋಷದಲ್ಲೇ ಅಕ್ಕೋರು ಅಂಗಳದ ಕಡೆ ನೋಡಿದರು. ಶಾಜಿಯಾ ನೀರಿನ ನಳದ ಹತ್ತಿರ ನಿಂತು ಮುಖ ತೊಳೆಯುತ್ತಿದ್ದಳು, ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಹೋಗಿ ಅವಳ ಭುಜ ಹಿಡಿದರು. "ಅಪ್ಪ ಹೇಳಿದ್ದ ಅಂತ ಸುಳ್ಳ ಯಾಕ ಹೇಳಿದಿ?"

"ಎಲ್ಲಾರೂ ನಿಮ್ಮನ್ನ ನೋಡಾಕತ್ತಿದ್ರಲ್ರಿ," ಎಂದಳು ಹುಡುಗಿ.

ಅಕ್ಕೋರು ಅವಳ ಒದ್ದೆ ಕೈ ಹಿಡಿದುಕೊಂಡು, ಮೋಟರ್‌ಸೈಕಲ್ ಹತ್ತುತ್ತಿದ್ದ ಶಿವಯೋಗೀಶ ಸಾಹೇಬರ ಮುಂದೆ ಹೋಗಿ ನಿಂತರು. ಹೆಡ್ ಮಾಸ್ತರರು, ಉಳಿದ ಶಾಲೆಯವರು ಅಲ್ಲೇ ಇದ್ದರು, ಡಬ್ಬಿ ಹಿಡಿದು ಸೌಮ್ಯಾನೂ ಹಿಂದೆ ಬಂದಿದ್ದಳು. "ಸರ್, ಈಕಿ ಮೊದಲ ಹೇಳಿದ್ದಽ ಖರೇ. ಹತ್ತರದು ನಡಿಯೂದಿಲ್ಲ ಅಂತ ನಾನಽ ಹೇಳಿದ್ದೆ. ಸುಳ್ಳ ಹೇಳಿದಾಕಿ ನಾನು, ಈಕಿ ಅಲ್ಲ. ಇವರಪ್ಪಂದೂ ತಪ್ಪಿಲ್ಲ."

ಸಾಹೇಬರು ಹೆಲ್ಮೆಟ್ಟು ಕೈಯಲ್ಲಿ ತಿರುಗಿಸುತ್ತ ಎಲ್ಲೋ ನೋಡಿದರು. "ಇರಲಿ ಬಿಡ್ರಿ ಅಕ್ಕೋರ. ಆದ್ರ ಹೆಸರ ಮೊಬೈಲಿನ್ಯಾಗ ಕಳಿಸೇಬಿಟ್ಟೇನಿ, ಬದಲಿ ಮಾಡಾಕ ಬರೂದಿಲ್ಲ," ಎಂದು ಗಾಡಿ ಚಾಲೂ ಮಾಡಿದರು.

ಶಾಜಿಯಾ ಏನೋ ಲೆಕ್ಕ ಹಾಕುತ್ತಿದ್ದಳು. ಅವಳ ತುಟಿ ಅಲ್ಲಾಡುವುದು ನೋಡಿದರೆ ಅಕ್ಕೋರಿಗೆ ಗೊತ್ತಾಗುತ್ತಿತ್ತು.

"ಅಕ್ಕೋರ, ಹತ್ತರದು ನಡೀತೈತೇನ್ರಿ ಹಂಗಾರ?"

"ನಡೀತೈತವ್ವ."

"ಮೊದಲಿಂದಾನೂ?"

"ಮೊದಲಿಂದಾನೂ."

"ಹಂಗಾರ ಆವತ್ತ ಸಂತ್ಯಾಗ ನಾನಽ ಫಸ್ಟ್ ಬಂದಿದ್ನೆಲ್ರಿ?"

ಅಕ್ಕೋರು ತಲೆಯಾಡಿಸಿದರು, ಹೌದು ಎಂದು.

ಶಾಜಿಯಾ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಸೌಮ್ಯಾ ಡಬ್ಬಿಯನ್ನು ಮುಂದೆ ಚಾಚಿ, "ಬಾರವ್ವ, ಇದನ್ನ ಹಿಡಕೊ," ಎಂದಳು. ಹುಡುಗಿ ಡಬ್ಬಿ ಮುಟ್ಟಲಿಲ್ಲ. ಇಬ್ಬರನ್ನೂ ಒಮ್ಮೆ ನೋಡಿ, ಕೋಣೆಯೊಳಗೆ ಹೋಗಿ ತನ್ನ ಪಾಟೀಚೀಲ ಹೆಗಲಿಗೇರಿಸಿಕೊಂಡು, ಹೇಳದೆ ಕೇಳದೆ ಗೇಟು ದಾಟಿ ಮನೆಯ ದಾರಿ ಹಿಡಿದಳು. ಶಾಲೆ ಬಿಡಲು ಇನ್ನೂ ಒಂದು ತಾಸು ಇತ್ತು. ಅವಳನ್ನು ಕೂಗಿ ಕರೆಯುವ ಧೈರ್ಯ ಇಬ್ಬರಲ್ಲಿ ಯಾರಿಗೂ ಆಗಲಿಲ್ಲ.